ಲ್ಯಾಬ್ ಸರ್ವರ್‌ಗಳ ಕರ್ನಲ್ ದೋಷ ಕಡೆಗಣಿಸಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಬೋಧಕನಾಗಿರುವ ನಾನು ಊರಿನ ಕಾಲೇಜುಗಳ ಆಡಳಿತ ಮಂಡಳಿಗಳ ಗಮನಕ್ಕೆ ಒಂದು ವಿಷಯ ತರಬಯಸುತ್ತೇನೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಲ್ಲಿ ಆಗಾಗ ಪತ್ತೆಯಾಗುವ ‘ಸ್ಥಳೀಯ’ ದೋಷಗಳನ್ನು, ಅಂದರೆ ಆ ಯಂತ್ರದೊಳಗೆ ಮೊದಲೇ ಪ್ರವೇಶ ಇದ್ದವರು ಮಾತ್ರ ಬಳಸಿಕೊಳ್ಳಬಹುದಾದ ದೋಷಗಳನ್ನು, ಸಣ್ಣವೆಂದು ಬದಿಗಿಡುವುದು ರೂಢಿಯಾಗಿಬಿಟ್ಟಿದೆ. ಒಬ್ಬರೇ ಬಳಸುವ ಮನೆಯ ಲ್ಯಾಪ್‌ಟಾಪಿನ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದು. ಆದರೆ ನೂರಾರು ವಿದ್ಯಾರ್ಥಿಗಳಿಗೆ ಲಾಗಿನ್ ಕೊಟ್ಟಿರುವ ಸರ್ವರ್‌ನಲ್ಲಿ ಅವರೆಲ್ಲರೂ ಒಳಗಿನವರೇ. ಅವರಲ್ಲೊಬ್ಬರ ಪಾಸ್‌ವರ್ಡ್ ಸೋರಿದರೆ ಹೊರಗಿನವನೂ ಒಳಗಿನವನಾಗುತ್ತಾನೆ.

2016ರ ಅಕ್ಟೋಬರ್‌ನಲ್ಲಿ ಬಯಲಾದ ‘ಡರ್ಟಿ ಕೌ’ ಎಂಬ ಇಂಥ ದೋಷ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕರ್ನಲ್‌ನಲ್ಲಿ 2007ರಿಂದಲೂ ಇತ್ತು. ಓದಲು ಮಾತ್ರ ಅನುಮತಿಯಿರುವ ಕಡತವನ್ನು ಮೆಮೊರಿಗೆ ತಂದು ಬಳಕೆದಾರ ಅದರ ಮೇಲೆ ಬರೆಯಲು ಹೊರಟರೆ, ಕರ್ನಲ್ ಅವನಿಗೆ ಬೇರೆಯೇ ಒಂದು ಪ್ರತಿಯನ್ನು ಮಾಡಿಕೊಡಬೇಕು. ಆದರೆ ಎರಡು ಕೆಲಸಗಳನ್ನು ಏಕಕಾಲಕ್ಕೆ ಮತ್ತೆ ಮತ್ತೆ ನಡೆಸಿದಾಗ, ಬರೆದದ್ದು ಪ್ರತಿಯ ಬದಲು ಮೂಲ ಕಡತದ ಮೇಲೆಯೇ ಬೀಳುವ ಸಂದರ್ಭ ಒದಗುತ್ತಿತ್ತು. ಸಾಮಾನ್ಯ ಬಳಕೆದಾರ ಯಂತ್ರದ ಸಂಪೂರ್ಣ ಒಡೆತನವಾದ ರೂಟ್ ಅಧಿಕಾರ ಪಡೆಯಲು ಇಷ್ಟು ಸಾಕಾಗಿತ್ತು. 2022ರ ಮಾರ್ಚ್‌ನಲ್ಲಿ ಪ್ರಕಟವಾದ ‘ಡರ್ಟಿ ಪೈಪ್’ ಎಂಬ ಇದೇ ಬಗೆಯ ದೋಷವನ್ನು ಬಳಸಿಕೊಳ್ಳಲು ಹೀಗೆ ಮತ್ತೆ ಮತ್ತೆ ಸೆಣಸುವ ಅಗತ್ಯವೂ ಇರಲಿಲ್ಲ. ಲಾಗ್ ಕಡತಗಳು, ಅಂದರೆ ಸರ್ವರ್‌ನ ಚಟುವಟಿಕೆ ದಾಖಲಾಗುವ ಕಡತಗಳು, ಕೆಟ್ಟುಹೋದ ಕಾರಣ ಹುಡುಕುತ್ತ ಹೋದ ತಂತ್ರಾಂಶ ತಜ್ಞ ಮ್ಯಾಕ್ಸ್ ಕೆಲ್ಲರ್‌ಮನ್ ಅದನ್ನು ಕಂಡುಹಿಡಿದರು. ಅವರ ತಾಳ್ಮೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿಯೇ ಹೇಳಬೇಕೆಂದು ನನಗನ್ನಿಸುತ್ತದೆ.

ಎರಡಕ್ಕೂ ಪರಿಹಾರ ಕೂಡಲೇ ಬಂತು. ನಮ್ಮಲ್ಲಿ ತೊಡಕಿರುವುದು ಅನಂತರದ ಹಂತದಲ್ಲಿ. ಹೊಸ ಕರ್ನಲ್ ಅಳವಡಿಸಿದ ಮಾತ್ರಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯವಾಗಿ ಯಂತ್ರವನ್ನು ರೀಬೂಟ್ ಮಾಡುವವರೆಗೆ ಹಳೆಯದೇ ಓಡುತ್ತಿರುತ್ತದೆ. ಹಿಂದೆ ನಾನು ಕೆಲಸ ಮಾಡಿದ ಸಂಸ್ಥೆಯೊಂದರಲ್ಲಿ ಎಲ್ಲ ಅಪ್‌ಡೇಟ್‌ಗಳೂ ಆಗಿವೆಯೆಂದು ರಿಜಿಸ್ಟರಿನಲ್ಲಿ ಬರೆದಿತ್ತು, ಆದರೆ ಸರ್ವರ್ ವರ್ಷಕ್ಕೂ ಮೇಲ್ಪಟ್ಟು ಒಮ್ಮೆಯೂ ರೀಬೂಟ್ ಆಗಿರಲಿಲ್ಲ. ಪ್ರಾಯೋಗಿಕ ತರಗತಿ ನಿಲ್ಲುತ್ತದೆಂಬ ಅಂಜಿಕೆಯೇ ಅದಕ್ಕೆ ಕಾರಣ. ಆ ಅಂಜಿಕೆ ನನಗೂ ಅರ್ಥವಾಗುತ್ತದೆ. ಆದರೆ ಆಂತರಿಕ ಅಂಕಗಳೂ ವಿದ್ಯಾರ್ಥಿಗಳ ಪ್ರಾಜೆಕ್ಟ್ ಕಡತಗಳೂ ಅದೇ ಯಂತ್ರದಲ್ಲಿದ್ದವು.

ಆದ್ದರಿಂದ ಕಾಲೇಜುಗಳು ತಿಂಗಳಿಗೊಂದು ಭಾನುವಾರವನ್ನು ಇದಕ್ಕೆಂದೇ ಗೊತ್ತುಮಾಡಿ, ಅಪ್‌ಡೇಟ್ ಮತ್ತು ರೀಬೂಟ್ ಎರಡನ್ನೂ ಮುಗಿಸಿ, ಓಡುತ್ತಿರುವ ಕರ್ನಲ್‌ನ ಆವೃತ್ತಿಯನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು. ಓದು ಮುಗಿಸಿ ಹೋದವರ ಖಾತೆಗಳನ್ನೂ ಅದೇ ದಿನ ಮುಚ್ಚಬೇಕೆಂದು ವಿನಂತಿಸುತ್ತೇನೆ.

– ಲ್ಯಾಬ್ ಬೋಧಕ, ವಿದ್ಯಾನಗರ, ದಾವಣಗೆರೆ