ಗುಳೆ ಹೋಗಿ ಬಂದವರ ಬೈಕು: ಕಾರ್ಬೋರೇಟರ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೆ,

ಸುಗ್ಗಿ ಮುಗಿಸಿ ಬೆಂಗಳೂರು, ಪುಣೆ, ಗೋವಾ ಕಡೆ ಗುಳೆ ಹೋದವರು ಮುಂಗಾರು ಬಿತ್ತನೆಗೆ ಮರಳುವ ಹೊತ್ತಿಗೆ ಲಿಂಗಸುಗೂರು, ದೇವದುರ್ಗ, ಮಸ್ಕಿ, ಕುಷ್ಟಗಿ ಭಾಗದ ಗ್ಯಾರೇಜುಗಳ ಮುಂದೆ ಸ್ಟಾರ್ಟ್ ಆಗದ ಬೈಕುಗಳು ಸಾಲುಗಟ್ಟುತ್ತವೆ. ನಾಲ್ಕೈದು ತಿಂಗಳು ತಗಡಿನ ಶೆಡ್ಡಿನಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ ನಿಂತ ಗಾಡಿಗಳವು. ‘ಕಾರ್ಬೋರೇಟರ್ ಹೋಗ್ಯಾದ, ಹೊಸಾದು ಹಾಕ್ಸಿಬಿಡ್ರಿ’ ಎಂಬ ಮಾತು ಅಲ್ಲಿ ಸಲೀಸಾಗಿ ಬರುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗವೇ ಕಾರ್ಬೋರೇಟರ್. ಬಹಳಷ್ಟು ಸಲ ಹೋಗಿರುವುದು ಅದಲ್ಲ, ಅದರೊಳಗಿನ ಒಂದು ತೂತು ಕಟ್ಟಿಕೊಂಡಿರುತ್ತದೆ. ದುಡಿದು ತಂದ ಹಣ ಬೀಜ, ಗೊಬ್ಬರಕ್ಕೆ ಬೇಕಾದ ಹೊತ್ತಿನಲ್ಲಿ ಈ ಖರ್ಚು ತಪ್ಪಲೆಂದು ಈ ಪತ್ರ.

2020ರ ಏಪ್ರಿಲ್‌ನಲ್ಲಿ ಬಿಎಸ್‌–6 ಹೊಗೆ ನಿಯಮ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಹೆಚ್ಚಿನವು ಕಾರ್ಬೋರೇಟರ್ ಇಲ್ಲದ ಇಂಜೆಕ್ಷನ್ ಗಾಡಿಗಳು. ಇಲ್ಲಿ ಹೇಳುತ್ತಿರುವುದು ಅದಕ್ಕೂ ಹಿಂದಿನ ಬೈಕುಗಳಿಗೆ. ತೋಟಗಳಲ್ಲಿ ಓಡಾಡುವ ಹಳೆಯ ನಾಲ್ಕು ಗಾಲಿಯ ಎಟಿವಿಗೂ ಇದೇ ಅನ್ವಯ.

ಕಾರ್ಬೋರೇಟರಿನ ಕೆಳಗಿನ ಬೌಲ್‌ನಲ್ಲಿ ಯಾವಾಗಲೂ ಸ್ವಲ್ಪ ಪೆಟ್ರೋಲ್ ನಿಂತಿರುತ್ತದೆ. ಗಾಡಿ ನಿಂತರೆ ಅದರಲ್ಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಒಣಗುತ್ತದೆ. ಮೊದಲು ಕಟ್ಟುವುದು ಸ್ಲೋ ಜೆಟ್ (ರೇಸ್ ಕೊಡದಿದ್ದಾಗ ಪೆಟ್ರೋಲ್ ಬಿಡುವ ಪುಟ್ಟ ನಳಿಕೆ), ಏಕೆಂದರೆ ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಚೋಕ್ ಎಳೆದರೆ ಮಾತ್ರ ಸ್ಟಾರ್ಟ್ ಆಗಿ, ಚೋಕ್ ಬಿಟ್ಟೊಡನೆ ಆಫ್ ಆದರೆ, ರೇಸ್ ಕೊಟ್ಟರೆ ಓಡಿ, ರೇಸ್ ಬಿಟ್ಟಾಗ ಆಫ್ ಆದರೆ (ಅಂದರೆ ಐಡ್ಲಿಂಗ್ ನಿಲ್ಲದಿದ್ದರೆ) ಮೊದಲ ಅನುಮಾನ ಈ ಜೆಟ್ ಮೇಲೆಯೇ ಇರಲಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಇನ್ನೊಂದು ತೊಂದರೆಯೂ ಉಂಟು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನಂಶ ಮಿತಿ ಮೀರಿದರೆ ಎಥೆನಾಲ್ ನೀರಿನೊಂದಿಗೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಪೆಟ್ರೋಲ್ ಎಳೆಯುವುದೂ ತಳದ ಹತ್ತಿರದಿಂದಲೇ.

ಹಾಗಾಗಿ ಬಂದ ಕೂಡಲೇ ಕಿಕ್ ಹೊಡೆಯಬೇಡಿ. ಮೊದಲು ಇಂಜಿನ್ ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಹೊಡೆದರೆ, ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಪಿನ್ ಸರಿಯಾಗಿ ಕೂರದೆ ಪೆಟ್ರೋಲ್ ಇಂಜಿನ್ನಿಗೆ ಇಳಿದಿದೆ ಎಂದರ್ಥ. ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಿದರೆ ಬೇರಿಂಗ್ ಸವೆಯುತ್ತವೆ, ಆಗಿನ ಖರ್ಚು ಕಾರ್ಬೋರೇಟರಿನದ್ದಕ್ಕಿಂತ ಬಹಳ ಹೆಚ್ಚು. ಆಯಿಲ್ ಸರಿಯಿದ್ದರೆ ಕಾಕ್ ಪೈಪ್ ಕಳಚಿ ಟ್ಯಾಂಕಿನ ಒಂದಿಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ತಾಸು ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಚಹಾದ ಬಣ್ಣ, ವಾರ್ನಿಷ್ ವಾಸನೆ ಇದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಇದೆಲ್ಲ ಬಯಲಿನಲ್ಲಿ, ಬೀಡಿ, ಒಲೆಯಿಂದ ದೂರ.

ಆಮೇಲೆ ಬೌಲ್ ಬಿಚ್ಚಿ. ಸ್ಲೋ ಜೆಟ್ ಹಿತ್ತಾಳೆಯದು, ಬಲು ಮೆದು. ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ತಿರುಗಿಸಿದರೆ ತಲೆ ಹರಿಯುತ್ತದೆ. ಪಿನ್ನು, ಸೂಜಿ, ಕ್ಲಚ್ ವೈರಿನ ಎಳೆ ಹಾಕಿ ಚುಚ್ಚುವವರೇ ಹೆಚ್ಚು. ಹಾಗೆ ತೂತು ದೊಡ್ಡದಾದ ಜೆಟ್ ಕೊನೆಯವರೆಗೂ ಪೆಟ್ರೋಲ್ ಕುಡಿಯುತ್ತದೆ, ಮೈಲೇಜ್ ಮತ್ತೆ ಬರುವುದಿಲ್ಲ. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ನೆನೆಯಲು ಬಿಟ್ಟು, ಟಯರಿಗೆ ಗಾಳಿ ಹಿಡಿಯುವ ಕಂಪ್ರೆಸರಿನಿಂದ ಹಿಂದುಮುಂದಾಗಿ ಊದಿ. ಕಟ್ಟಿದ್ದು ಜಗ್ಗದಿದ್ದರೆ ಕರೆಂಟ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿದರೆ ದುಂಡನೆಯ ಬೆಳಕಿನ ಚುಕ್ಕೆ ಕಾಣಬೇಕು. ಅಂಚು ಮುರುಕಾಗಿ ಕಂಡರೆ ಇನ್ನೂ ಅಂಟು ಉಳಿದಿದೆ. ಸ್ಪ್ರೇ ಹೊಡೆಯುವ ಮುನ್ನ ರಬ್ಬರ್ ಡಯಾಫ್ರಾಮ್ (ತೆಳು ಪದರ) ಇದ್ದರೆ ತೆಗೆದಿಡಿ, ಅದು ಹಾಳಾಗುತ್ತದೆ.

ಐಡ್ಲಿಂಗಿನ ಗಾಳಿ ಹೊಂದಿಸುವ ಏರ್ ಸ್ಕ್ರೂ ತೆಗೆಯುವ ಮುನ್ನ ಹಗುರವಾಗಿ ಒಳಗೆ ತಿರುಗಿಸುತ್ತ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ, ಮರಳಿ ಹಾಕುವಾಗ ಹಗುರವಾಗಿ ಒಳಗೆ ಕೂರಿಸಿ ಅಷ್ಟೇ ಸುತ್ತು ಹೊರಕ್ಕೆ ತಿರುಗಿಸಿ. ಬಿಗಿ ಮಾಡಿದರೆ ಅದರ ಚೂಪು ತುದಿ ಕೆಡುತ್ತದೆ. ಫ್ಲೋಟ್ ಪಿನ್ನಿನ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಪಿನ್ ಬದಲಿಸಿ. ಬಿಚ್ಚಿದ ಬೌಲ್ ವಾಷರ್ ಉಬ್ಬಿ ತನ್ನ ಜಾಗದಲ್ಲಿ ಕೂರುವುದಿಲ್ಲ ಎಂದು ಎಳೆದು ಒತ್ತಬೇಡಿ, ರಾತ್ರಿಯಿಡೀ ಗಾಳಿಗೆ ಬಿಟ್ಟರೆ ಬಹುತೇಕ ಮೊದಲಿನ ಅಳತೆಗೆ ಬರುತ್ತದೆ. ಹಳೆಯದಾಗಿದ್ದರೆ ಹೊಸದೇ ಲೇಸು.

ಇಷ್ಟೆಲ್ಲ ಆಗಿಯೂ ಸ್ವಲ್ಪ ದೂರ ಓಡಿ ನಿಲ್ಲುವ ಗಾಡಿಯ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ತೆರೆದಾಗ ಗಾಳಿ ಎಳೆದ ಸದ್ದಾಗಿ, ಮತ್ತೆ ಓಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಕಣಜ ಮಣ್ಣಿನ ಗೂಡು ಕಟ್ಟಿ ಕಾರ್ಬೋರೇಟರಿನ ಗಾಳಿಪೈಪ್ ಮುಚ್ಚಿರುವುದೂ ಉಂಟು. ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಬಿಸಿಲಿಗೆ ಸೀಳಿದ್ದರೆ ಎಷ್ಟು ತೊಳೆದರೂ ಐಡ್ಲಿಂಗ್ ನಿಲ್ಲದು.

ಮತ್ತೆ ಗುಳೆ ಹೊರಡುವಾಗ ಐದು ನಿಮಿಷದ ಕೆಲಸವಿದೆ: ಕಾಕ್ ಬಂದ್ ಮಾಡಿ, ಬೌಲ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿ, ಮತ್ತೆ ಬಿಗಿ ಮಾಡಿ. ಔಷಧ ಹೊಡೆಯುವ ಪೆಟ್ರೋಲ್ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಬೌಲ್ ಇಲ್ಲದಿದ್ದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಮಳಿಗೆಗಳ ಪಕ್ಕದಲ್ಲಿ ಬಿಚ್ಚಿಟ್ಟ ಒಂದು ಕಾರ್ಬೋರೇಟರ್ ಇಟ್ಟು ಈ ಕೆಲಸವನ್ನು ರೈತರ ಕೈಯಲ್ಲೇ ಮಾಡಿಸಿ ತೋರಿಸಬೇಕೆಂದು ಕೋರುತ್ತೇವೆ. ಗ್ಯಾರೇಜಿನವರು ಕಾರ್ಬೋರೇಟರ್ ಬದಲಿಸಲೇಬೇಕಾದರೆ ಜೆಟ್ ಮೇಲಿನ ನಂಬರ್ ಹಳೆಯದಕ್ಕೆ ಹೊಂದುತ್ತದೆಯೇ ಎಂದು ತೋರಿಸಿ, ಹಳೆಯದನ್ನು ಮಾಲೀಕರ ಕೈಗೆ ಕೊಡಲಿ.

– ದ್ವಿಚಕ್ರ ವಾಹನ ಮೆಕ್ಯಾನಿಕ್‌ಗಳು, ಲಿಂಗಸುಗೂರು, ರಾಯಚೂರು ಜಿಲ್ಲೆ