ಪರದೆಯ ಒಂದು ಬದಿ ಮಂಕಾದ ಮಾತ್ರಕ್ಕೆ ಪ್ಯಾನೆಲ್ ಹೋಗಿರುವುದಿಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಪರದೆಯ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಮಂಕು: ಮಳೆಗಾಲದಲ್ಲಿ ನಮ್ಮ ಕರಾವಳಿಯ ಡಿಟಿಪಿ ಅಂಗಡಿ, ಕಚೇರಿಗಳವರ ಈ ದೂರಿಗೆ ಬಹಳ ಕಡೆ ಸಿಗುವ ಉತ್ತರ, "ಪ್ಯಾನೆಲ್ ಹೋಗಿದೆ, ಹೊಸತು ತೆಗೊಳ್ಳಿ." ಪರೀಕ್ಷೆ ಮಾಡದೆ ಹೀಗೆ ಹೇಳುವುದು ಗ್ರಾಹಕರಿಗೆ ಮಾಡುವ ಅನ್ಯಾಯ.

ಪ್ಯಾನೆಲ್ ಎಂದರೆ ಚಿತ್ರ ಮೂಡುವ ಎಲ್‌ಸಿಡಿ ಗಾಜು. ಅದು ತಾನಾಗಿ ಬೆಳಗುವುದಿಲ್ಲ. ಈಗಿನ ಹೆಚ್ಚಿನ ಮಾನಿಟರ್‌ಗಳಲ್ಲಿ ಕೆಳ ಅಂಚಿಗೋ ಪಕ್ಕಕ್ಕೋ ಒಂದು ಎಲ್‌ಇಡಿ ಪಟ್ಟಿ ಇರುತ್ತದೆ. ಅದರ ಬೆಳಕನ್ನು ಅಕ್ರಿಲಿಕ್ ಹಲಗೆ ಇಡೀ ಪರದೆಗೆ ಹರಡುತ್ತದೆ, ಮೇಲಿನ ತೆಳು ಹಾಳೆಗಳು ಹದ ಮಾಡುತ್ತವೆ. ದೋಷ ಹೆಚ್ಚಾಗಿ ಈ ಭಾಗದಲ್ಲೇ.

ಮೊದಲು ಮಾನಿಟರ್ 30 ನಿಮಿಷ ಓಡಲಿ. ಮೆನುವಿನಲ್ಲಿ ಫ್ಯಾಕ್ಟರಿ ರಿಸೆಟ್ ಕೊಟ್ಟು ಚಿತ್ರಕ್ಕೆ ತಕ್ಕಂತೆ ಬೆಳಕನ್ನು ತಾನೇ ಏರಿಳಿಸುವ ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ. ವಿಂಡೋಸ್‌ನ ಪೈಂಟ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 128 ಕೊಟ್ಟು ಬೂದು ಚಿತ್ರವೊಂದನ್ನು ಪರದೆ ತುಂಬ ತೆರೆಯಿರಿ. ಆಮೇಲೆ ದೀಪ ಆರಿಸಿ, ಪೂರ್ತಿ ಕಪ್ಪು ಚಿತ್ರ ನೋಡಿ. ಕಣ್ಣಲ್ಲೇ ನೋಡಿ, ಮೊಬೈಲ್ ಕ್ಯಾಮೆರಾ ಈ ಬೆಳಕನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ.

ಕಪ್ಪಿನಲ್ಲಿ ಮೂಲೆಯ ಹೊಳಪು ತಲೆ ಸರಿಸಿದಂತೆ ಸರಿದರೆ ಅದು ಐಪಿಎಸ್ ಎಂಬ ಬಗೆಯ ಪ್ಯಾನೆಲಿನ ಗುಣ, ದುರಸ್ತಿ ಬೇಡ. ಇದ್ದಲ್ಲೇ ಇದ್ದರೆ ಚೌಕಟ್ಟಿನ ಒತ್ತಡ. ಗೋಡೆಗೆ ನೇತುಹಾಕಿದ್ದರೆ ಹಿಂದಿನ ಸ್ಕ್ರೂಗಳನ್ನು ನೋಡಿ. 100 ಮಿ.ಮೀ. ಅಂತರದ ಆ ನಾಲ್ಕು ತೂತಿಗೆ ಸಾಮಾನ್ಯವಾಗಿ 4 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಸ್ಕ್ರೂ ಸಾಕು. ಉದ್ದದ್ದು ಹಾಕಿದರೆ ತುದಿ ಒಳಗೆ ಒತ್ತುತ್ತದೆ.

ಬೂದು ಚಿತ್ರದಲ್ಲಿ ಅಂಚಿನಿಂದ ಹೊರಟ ಒಂದು ಭಾಗವೇ ಕತ್ತಲಾದರೆ ಎಲ್‌ಇಡಿ ಸಾಲು ಸತ್ತಿದೆ. ಎಲ್‌ಇಡಿಗಳು ಸಾಲಾಗಿ ಒಂದಕ್ಕೊಂದು ಪೋಣಿಸಿರುವುದರಿಂದ ಒಂದು ಕಡಿದರೆ ಇಡೀ ಸಾಲು ಆರುತ್ತದೆ. ಕೆಲವು ಬೋರ್ಡುಗಳು ಆಗ ಎಲ್ಲ ಸಾಲನ್ನೂ ನಿಲ್ಲಿಸುತ್ತವೆ: ಪರದೆ ಎರಡು ಸೆಕೆಂಡು ಬೆಳಗಿ ಕತ್ತಲು. ಆಗ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಒಳಗೆ ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲಿನ ಗಾಜು ಜೀವಂತ. ಪಟ್ಟಿ, ಅದಕ್ಕೆ ಕರೆಂಟು ಕೊಡುವ ಡ್ರೈವರ್ ಅಥವಾ ಊದಿದ ಕೆಪಾಸಿಟರ್ ಬದಲಿಸಿದರೆ ಆಯಿತು. ಒಂದೇ ಎಲ್‌ಇಡಿ ಹಾಕಿಸಬೇಡಿ, ಹಳೆಯವುಗಳ ನಡುವೆ ಅದೊಂದೇ ಎದ್ದು ಕಾಣುತ್ತದೆ. ಅದೇ ಅಳತೆಯ ಇಡೀ ಪಟ್ಟಿ ಹಾಕಿಸಿ.

ಅಂಚಿಲ್ಲದ ಮೋಡದಂಥ ಕಲೆ ಹೆಚ್ಚಾಗಿ ತೇವದ್ದು. ಆಟಿ ತಿಂಗಳ ಥಂಡಿಗೆ ಹಾಳೆಗಳು ಅಲೆಯೇಳುತ್ತವೆ. ಹೇರ್ ಡ್ರೈಯರ್ ಹಿಡಿದರೆ ಇನ್ನಷ್ಟು ಸುಕ್ಕು. ಧೂಳಿಲ್ಲದ ಕಡೆ ಬಿಚ್ಚಿ, ಹಾಗೇ ಆರಲು ಬಿಟ್ಟು, ಅದೇ ಕ್ರಮದಲ್ಲಿ, ಅದೇ ಮಗ್ಗುಲಲ್ಲಿ ಮತ್ತೆ ಜೋಡಿಸಬೇಕು. ಒರೆಸುವ ನೀರನ್ನು ಪರದೆಗೆ ಸಿಂಪಡಿಸುವುದು ದೊಡ್ಡ ತಪ್ಪು: ಅದು ಇಳಿಯುವುದು ಕೆಳ ಅಂಚಿಗೆ, ಬಹಳ ಮಾನಿಟರ್‌ಗಳಲ್ಲಿ ಎಲ್‌ಇಡಿ ಪಟ್ಟಿ ಇರುವುದೇ ಅಲ್ಲಿ. ಬಟ್ಟೆಗೆ ಹಾಕಿ ಒರೆಸಿ. ಮಲ್ಪೆ, ಪಣಂಬೂರಿನಂಥ ಉಪ್ಪುಗಾಳಿಯ ಕಡೆ ಕನೆಕ್ಟರ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿಸಬೇಕು. ತೆಳುವಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಉಜ್ಜಿದರೆ ಹೋಗುತ್ತದೆ.

ಕೆಲಸ ಗೊತ್ತಿಲ್ಲದವರು ಹಿಂಬದಿ ಬಿಚ್ಚಲೇಬಾರದು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್ 300 ವೋಲ್ಟ್‌ಗೂ ಮೀರಿ ತುಂಬಿಕೊಂಡಿರುತ್ತದೆ, ಪ್ಲಗ್ ತೆಗೆದ ಮೇಲೂ ಹೊಡೆಯಬಹುದು. ಎಲ್‌ಇಡಿಗಿಂತ ಮುಂಚಿನ ಮಾನಿಟರುಗಳ ಸಪೂರ ಟ್ಯೂಬಿನಲ್ಲಿ ಪಾದರಸವಿದೆ. ಅದನ್ನು ಒಣ ಕಸಕ್ಕೆ ಹಾಕದೆ ಇ-ತ್ಯಾಜ್ಯಕ್ಕೇ ಕೊಡಬೇಕು.

ಮಂಗಳೂರು, ಉಡುಪಿಯ ದುರಸ್ತಿ ಅಂಗಡಿಯವರಲ್ಲಿ ಒಂದು ವಿನಂತಿ. ಇವುಗಳಲ್ಲಿ ಯಾವ ದೋಷ ಎಂದು ಬಿಲ್ಲಿನಲ್ಲೇ ಬರೆಯಿರಿ. ಗಾಜು ಒಡೆದಿದ್ದರೆ ಅಥವಾ ಅದರೊಳಗೇ ಗೆರೆ ಬಿದ್ದಿದ್ದರೆ ಮಾತ್ರ ಹೊಸ ಪ್ಯಾನೆಲಿನ ಮಾತೆತ್ತಿ. ಕೊಳ್ಳುವವರೂ ಬೂದು ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

– ಕಂಪ್ಯೂಟರ್ ದುರಸ್ತಿ ತಂತ್ರಜ್ಞರು, ಮಂಗಳೂರು