ಝಾರ್‌ನನ್ನು ಇಳಿಸಿದವರು ಯಾರು? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ರಷ್ಯಾದ ಚಕ್ರವರ್ತಿ ಝಾರ್‌ನನ್ನು ಕೆಳಗಿಳಿಸಿದ್ದು ಲೆನಿನ್ ಅಂತ ಮೊನ್ನೆ ಬರೆದಿದ್ದೆಯಲ್ಲ, ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ 1917ರ ಮಾರ್ಚ್‌ನಲ್ಲಿ ಎರಡನೇ ನಿಕೊಲಾಸ್ ಪಟ್ಟ ಬಿಟ್ಟಾಗ ಲೆನಿನ್ ಸ್ವಿಟ್ಜರ್ಲೆಂಡಿನಲ್ಲಿದ್ದರು. ಶುರು ಮಾಡಿದವರೇ ಬೇರೆ.

ಆಗ ಮೊದಲ ಮಹಾಯುದ್ಧದ ಮೂರನೇ ವರ್ಷ. ರೈಲುಗಳೆಲ್ಲ ಸೈನ್ಯದ ಸಾಗಾಟಕ್ಕೇ ಸಾಲದಾಗಿ, ರಾಜಧಾನಿ ಪೆಟ್ರೋಗ್ರಾಡ್‌ಗೆ ಹಿಟ್ಟು ಸರಿಯಾಗಿ ಬರುತ್ತಿರಲಿಲ್ಲ. ಹೆಂಗಸರು ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಆ ಚಳಿಯಲ್ಲಿ ಬ್ರೆಡ್ಡಿಗಾಗಿ ಗಂಟೆಗಟ್ಟಲೆ ಸಾಲಲ್ಲಿ ನಿಲ್ಲಬೇಕಿತ್ತು. ಮಾರ್ಚ್ 8, ಮಹಿಳಾ ದಿನ (ಅವರ ಹಳೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿ 23, ಅದಕ್ಕೇ ಇದನ್ನು ಫೆಬ್ರವರಿ ಕ್ರಾಂತಿ ಅನ್ನೋದು). ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದರು. ಅಕ್ಕಪಕ್ಕದ ಕಾರ್ಖಾನೆಗಳ ಗಂಡಸರನ್ನೂ ಹೊರಗೆ ಕರೆದರು. ಎರಡೇ ದಿನದಲ್ಲಿ ಮುಷ್ಕರಕ್ಕಿಳಿದವರು ಎರಡು ಲಕ್ಷ ದಾಟಿದರು.

ಜನ ಬೀದಿಗೆ ಬಂದ ಮಾತ್ರಕ್ಕೆ ರಾಜ ಹೋಗುವುದಿಲ್ಲ. 1905ರಲ್ಲೂ ಬಂದಿದ್ದರು, ಗುಂಡೇಟು ತಿಂದಿದ್ದರು. ಈ ಸಲವೂ 11ರ ಭಾನುವಾರ ಸೈನಿಕರು ಗುಂಡು ಹಾರಿಸಿದರು, ಜನ ಸತ್ತರು. ಆದರೆ ಆ ರಾತ್ರಿ ವೊಲಿನ್‌ಸ್ಕಿ ರೆಜಿಮೆಂಟಿನವರು, ಹಗಲು ಗುಂಡು ಹಾರಿಸಿದವರೇ, ಇನ್ನು ಜನರ ಮೇಲೆ ಬಂದೂಕು ಎತ್ತುವುದಿಲ್ಲ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಬೆಳಿಗ್ಗೆ ಸಾರ್ಜೆಂಟ್ ತಿಮೊಫೇ ಕಿರ್ಪಿಚ್ನಿಕೊವ್ ಮುಂದೆ ನಿಂತ, ರೆಜಿಮೆಂಟು ದಂಗೆ ಎದ್ದಿತು. ಸಂಜೆಯೊಳಗೆ ಸಾವಿರಾರು ಸೈನಿಕರು ಜನರ ಕಡೆಗೆ ಬಂದಿದ್ದರು. ಝಾರ್‌ನ ಆಳ್ವಿಕೆ ಮುಗಿದದ್ದು ಅವತ್ತೇ ಅಂತ ನಾನು ನಂಬಿದ್ದೇನೆ. 15ರಂದು ಪ್ಸ್ಕೊವ್‌ನಲ್ಲಿ ರೈಲಿನೊಳಗೆ ಕೂತು ಅವನು ಹಾಕಿದ್ದು ಸಹಿ ಅಷ್ಟೇ. ತಮ್ಮ ಮಿಖಾಯಿಲ್ ಕೂಡ ಪಟ್ಟ ಬೇಡ ಅಂದ. 304 ವರ್ಷ ಆಳಿದ ರೊಮಾನೊವ್ ಮನೆತನ ಹತ್ತು ದಿನದೊಳಗೆ ಹೋಯಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಝಾರ್ ಸಹಿ ಹಾಕಿದ ಹಿಂದಿನ ದಿನದ ಒಂದು ಸಂಗತಿ. ಪೆಟ್ರೋಗ್ರಾಡ್‌ನ ಟೌರಿಡಾ ಅರಮನೆಯಲ್ಲಿ ಸೊಕೊಲೊವ್ ಎಂಬ ವಕೀಲ ಮೇಜಿನ ಮುಂದೆ ಕೂತಿದ್ದಾನೆ, ಸುತ್ತ ಸೈನಿಕರು ಮುತ್ತಿಕೊಂಡು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದಾರೆ, ಅವನು ಬರೆದುಕೊಳ್ಳುತ್ತಿದ್ದಾನೆ. ಅದೇ ಪೆಟ್ರೋಗ್ರಾಡ್ ಸೋವಿಯತ್‌ನ (ಕಾರ್ಮಿಕರು, ಸೈನಿಕರು ಆರಿಸಿದ ಪ್ರತಿನಿಧಿಗಳ ಸಭೆ) ಮೊದಲನೇ ಆದೇಶ. ಪ್ರತಿ ತುಕಡಿಯಲ್ಲೂ ಸೈನಿಕರೇ ಆರಿಸಿದ ಸಮಿತಿ ಇರಬೇಕು. ಡ್ಯೂಟಿ ಮುಗಿದ ಮೇಲೆ ಸೆಲ್ಯೂಟ್ ಹೊಡೆಯಬೇಕಾಗಿಲ್ಲ. ಪ್ರಭು, ಮಹಾಪ್ರಭು ಅನ್ನುವುದೆಲ್ಲ ರದ್ದು, ಅಧಿಕಾರಿ ಸೈನಿಕನನ್ನು ಏಕವಚನದಲ್ಲಿ ಕರೆಯುವಂತಿಲ್ಲ. ಯೋಚನೆ ಮಾಡು, ಯುದ್ಧದಲ್ಲಿ ಲಕ್ಷಗಟ್ಟಲೆ ಸತ್ತವರ ಜೊತೆಗಾರರು ಮೊದಲ ಅವಕಾಶಕ್ಕೇ ಕೇಳಿದ್ದು ಮರ್ಯಾದೆಯನ್ನ! ಸಮಾಜ ಬದಲಾಗೋದು ಅಂದರೆ ಇದೇ ಅಲ್ವಾ? ಅದೇ ವರ್ಷ ಹೆಂಗಸರಿಗೂ ಮತದ ಹಕ್ಕು ಸಿಕ್ಕಿತು, ಅದೂ ಅವರು ಮೆರವಣಿಗೆ ಮಾಡಿ ಪಟ್ಟು ಹಿಡಿದ ಮೇಲೆ.

ಝಾರ್ ಹೋದ ಮೇಲೆ ಬಂದ ಹೊಸ ತಾತ್ಕಾಲಿಕ ಸರ್ಕಾರ ಯುದ್ಧ ನಿಲ್ಲಿಸಲಿಲ್ಲ, ಜಮೀನ್ದಾರರ ಜಮೀನನ್ನು ರೈತರಿಗೆ ಹಂಚುವ ವಿಷಯವನ್ನು ಮುಂದಕ್ಕೆ ಹಾಕುತ್ತಲೇ ಹೋಯಿತು. ರೈತರು ಕಾಯಲಿಲ್ಲ, ತಾವೇ ಆ ಜಮೀನನ್ನು ವಶಪಡಿಸಿಕೊಂಡರು. ನವೆಂಬರ್‌ನಲ್ಲಿ ಲೆನಿನ್ ಉರುಳಿಸಿದ್ದು ಈ ಸರ್ಕಾರವನ್ನು, ಝಾರ್‌ನನ್ನಲ್ಲ. ಅದೇ ತಿಂಗಳು ಸಂವಿಧಾನ ಸಭೆಗೆ ಚುನಾವಣೆ ಶುರುವಾಯಿತು, 4 ಕೋಟಿಗೂ ಜಾಸ್ತಿ ಜನ ಮತ ಹಾಕಿದರು. ಲೆನಿನ್ ಪಕ್ಷದ ಬೊಲ್ಷೆವಿಕ್‌ರಿಗೆ ಬಹುಮತ ಬರಲಿಲ್ಲ. 1918ರ ಜನವರಿಯಲ್ಲಿ ಆ ಸಭೆ ಒಂದೇ ಒಂದು ಸಲ ಸೇರಿತು, ಆಮೇಲೆ ಬೊಲ್ಷೆವಿಕ್‌ರು ಅದನ್ನು ವಿಸರ್ಜಿಸಿಬಿಟ್ಟರು. ನಿನಗೆ ಲೆನಿನ್ ಮೇಲೆ ಎಷ್ಟು ಗೌರವ ಅಂತ ಗೊತ್ತು, ಆದರೂ ಅಷ್ಟು ಜನರ ಮತವನ್ನು ಹಾಗೆ ಪಕ್ಕಕ್ಕೆ ತಳ್ಳಿದ್ದನ್ನು ನನಗೆ ಒಪ್ಪಲು ಆಗುವುದಿಲ್ಲ. ನೀನು ಏನು ಹೇಳ್ತೀಯಾ, ಬರೆ.

ನಿನ್ನ ಗೆಳೆಯ